ವಯೋಸಂಬಂಧಿ ಮ್ಯಾಕ್ಯುಲಾ ಕ್ಷಯ: ಹಂತದಿಂದ ಹಂತಕ್ಕೆ ಕಣ್ಣಿನಲ್ಲಾಗುವ ವ್ಯತ್ಯಾಸಗಳು

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮದಲ್ಲಿ ಅರವತ್ತು ದಾಟಿದವರೊಬ್ಬರು ಕಣ್ಣು ಮಂಜಾಗಿದೆ ಎಂದರೆ ಕೇಳಿದವರ ಬಾಯಲ್ಲಿ ಮೊದಲು ಬರುವ ಮಾತು 'ಪೊರೆ ಬಂದಿರಬೇಕು' ಎಂಬುದು. ಅನೇಕ ಸಂದರ್ಭಗಳಲ್ಲಿ ಆ ಮಾತು ಸರಿಯೇ ಆಗಿರುತ್ತದೆ. ನಮ್ಮ ದೇಶದಲ್ಲಿ ಹಿರಿಯರ ಅಂಧತ್ವಕ್ಕೆ ಪೊರೆಯೇ ಅತಿ ದೊಡ್ಡ ಕಾರಣ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಫಲವಾಗಿ ಪೊರೆಗೆ ಉಚಿತ ಶಸ್ತ್ರಚಿಕಿತ್ಸೆ ದೊರೆಯುತ್ತದೆ ಎಂಬ ತಿಳಿವಳಿಕೆಯೂ ಹಳ್ಳಿ ಹಳ್ಳಿಗೆ ತಲುಪಿದೆ.

ಆದರೆ ಪೊರೆಯ ಜೊತೆಗೆ ಒಂದು ರೂಢಿಯೂ ಬೆಳೆದುಬಂದಿದೆ. ಪೊರೆ ಬಲಿಯಲಿ, ಸುಗ್ಗಿ ಮುಗಿಯಲಿ, ಮುಂದಿನ ಶಿಬಿರ ಬರಲಿ ಎಂದು ಕಾಯುವುದೇ ಆ ರೂಢಿ. ಪೊರೆಯ ವಿಷಯದಲ್ಲಿ ಕೆಲವು ತಿಂಗಳು ತಡವಾದರೂ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಸಾಮಾನ್ಯವಾಗಿ ಮರಳುತ್ತದೆ. ಅದೇ ವಯಸ್ಸಿನಲ್ಲಿ ಬರುವ ಮತ್ತೊಂದು ಕಾಯಿಲೆಯ ಒಂದು ಹಂತದಲ್ಲಿ ಕೆಲವೇ ವಾರ ಕಾದರೂ ಹೋದ ದೃಷ್ಟಿ ಮತ್ತೆ ಬಾರದಿರಬಹುದು. ಆ ಕಾಯಿಲೆಯ ಹೆಸರು ವಯೋಸಂಬಂಧಿ ಮ್ಯಾಕ್ಯುಲಾ ಕ್ಷಯ. ಅದರ ಹಂತಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸುವುದು, ಯಾವ ಹಂತದಲ್ಲಿ ಕಾಯಬಹುದು, ಯಾವ ಹಂತದಲ್ಲಿ ಕಾಯಬಾರದು ಎಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶವಾಗಿದೆ.

ಈ ಕಾಯಿಲೆ ಅಪರೂಪದ್ದೇನೂ ಅಲ್ಲ. 2014ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ 2020ರ ವೇಳೆಗೆ ಜಗತ್ತಿನಲ್ಲಿ ಸುಮಾರು 19.6 ಕೋಟಿ ಜನರಲ್ಲಿ ಇದು ಯಾವುದಾದರೊಂದು ಹಂತದಲ್ಲಿರುತ್ತದೆ. 2040ರ ವೇಳೆಗೆ ಈ ಸಂಖ್ಯೆ 28.8 ಕೋಟಿಗೆ ಏರುತ್ತದೆ. ಜನರ ಆಯುಸ್ಸು ಹೆಚ್ಚಿದಂತೆ ಈ ಕಾಯಿಲೆಯೂ ಹೆಚ್ಚುತ್ತದೆ.

1. ಮ್ಯಾಕ್ಯುಲಾ ಎಂದರೇನು

ಕಣ್ಣಿನ ಹಿಂಭಾಗದ ಒಳಗೋಡೆಯ ಮೇಲೆ ಅಕ್ಷಿಪಟಲ ಎಂಬ ತೆಳುವಾದ ಪರದೆಯಿದೆ. ಕಣ್ಣಿನೊಳಗೆ ಬಂದ ಬೆಳಕು ಇದರ ಮೇಲೆ ಬಿದ್ದು ಚಿತ್ರವಾಗಿ ಮೂಡುತ್ತದೆ. ಅಕ್ಷಿಪಟಲದ ನಡುವೆ ಸುಮಾರು 5.5 ಮಿಲಿಮೀಟರ್ ಅಗಲದ ಭಾಗವೇ ಮ್ಯಾಕ್ಯುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ನೋಟಿನ ಬೆಲೆ ನೋಡುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಇವೆಲ್ಲ ಮ್ಯಾಕ್ಯುಲಾದ ಕೆಲಸ. ಅದರ ಸುತ್ತಲಿನ ಅಕ್ಷಿಪಟಲವು ಅಕ್ಕಪಕ್ಕದ ನೋಟವನ್ನು ನೋಡಿಕೊಳ್ಳುತ್ತದೆ.

ಅಕ್ಷಿಪಟಲದ ಕೆಳಗೆ ವರ್ಣದ್ರವ್ಯವುಳ್ಳ ಕೋಶಗಳ ಒಂದು ಪದರವಿದೆ. ಮೇಲಿನ ಕೋಶಗಳಿಗೆ ಆಹಾರ ಒದಗಿಸುವುದು, ಅಲ್ಲಿಂದ ಬಂದ ತ್ಯಾಜ್ಯವನ್ನು ಹೊರಹಾಕುವುದು ಈ ಪದರದ ಕೆಲಸ. ಊರಿನ ಚರಂಡಿಯಲ್ಲಿ ಹೂಳು ತುಂಬಿದರೆ ಮನೆಗಳಿಗೆ ತೊಂದರೆಯಾಗುವುದನ್ನು ಸದಸ್ಯರು ಬಲ್ಲರು. ವಯಸ್ಸಾದಂತೆ ಈ ಪದರದ ಕೆಳಗೂ ಹೂಳಿನಂತೆ ಹಳದಿ ಬಣ್ಣದ ಕಣಗಳು ಶೇಖರವಾಗುತ್ತವೆ. ಇವುಗಳಿಗೆ ವೈದ್ಯರು ಡ್ರೂಸನ್ ಎನ್ನುತ್ತಾರೆ. ಕಾಯಿಲೆಯ ಆರಂಭದ ಹಂತಗಳನ್ನು ಗುರುತಿಸುವುದು ಮುಖ್ಯವಾಗಿ ಈ ಡ್ರೂಸನ್‌ಗಳ ಗಾತ್ರದಿಂದ.

2. ಹಂತಗಳ ಹೋಲಿಕೆ

2013ರಲ್ಲಿ ತಜ್ಞರ ಸಮಿತಿಯೊಂದು ಒಪ್ಪಿದ ವರ್ಗೀಕರಣ ಈಗ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಅಳತೆ ಮೈಕ್ರಾನ್‌ನಲ್ಲಿದೆ. ಒಂದು ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಅಂಕಿಗಳು ಸುಲಭವಾಗುತ್ತವೆ.

ವಯೋಸಹಜ ಬದಲಾವಣೆ: 63 ಮೈಕ್ರಾನ್‌ಗಿಂತ ಚಿಕ್ಕದಾದ ಡ್ರೂಸನ್‌ಗಳು ಮಾತ್ರ ಇರುತ್ತವೆ. ಇದು ಕಾಯಿಲೆಯಲ್ಲ. ತಲೆಗೂದಲು ನೆರೆಯುವಂತೆ ವಯಸ್ಸಿನ ಗುರುತು ಮಾತ್ರ.

ಆರಂಭಿಕ ಹಂತ: ಡ್ರೂಸನ್‌ಗಳು 63ಕ್ಕಿಂತ ದೊಡ್ಡದಾಗಿ, 125 ಮೈಕ್ರಾನ್‌ವರೆಗೆ ಬೆಳೆದಿರುತ್ತವೆ. ವರ್ಣದ್ರವ್ಯದ ಪದರದಲ್ಲಿ ಏರುಪೇರು ಕಾಣುವುದಿಲ್ಲ. ವ್ಯಕ್ತಿಗೆ ಯಾವ ತೊಂದರೆಯೂ ಅನುಭವಕ್ಕೆ ಬರುವುದಿಲ್ಲ. ದೃಷ್ಟಿ ಫಲಕದ ಅಕ್ಷರಗಳನ್ನು ಮೊದಲಿನಂತೆಯೇ ಓದುತ್ತಾರೆ.

ಮಧ್ಯಮ ಹಂತ: ಒಂದಾದರೂ ಡ್ರೂಸನ್ 125 ಮೈಕ್ರಾನ್‌ಗಿಂತ ದೊಡ್ಡದಾಗಿರುತ್ತದೆ, ಅಥವಾ ವರ್ಣದ್ರವ್ಯವು ಕೆಲವೆಡೆ ಗಟ್ಟಿಯಾಗಿ, ಕೆಲವೆಡೆ ಮಾಸಿ ಕಾಣುತ್ತದೆ. ಈ ಹಂತದಲ್ಲೂ ಅನೇಕರಿಗೆ ಏನೂ ಅನ್ನಿಸುವುದಿಲ್ಲ. ಕೆಲವರಿಗೆ ಮಂದ ಬೆಳಕಿನಲ್ಲಿ ಓದುವುದು ಕಷ್ಟವಾಗುತ್ತದೆ. ಬಿಸಿಲಿನಿಂದ ಮನೆಯೊಳಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ.

ಅಂತಿಮ ಹಂತ, ಒಣ ರೂಪ: ಬೆಳಕನ್ನು ಗ್ರಹಿಸುವ ಕೋಶಗಳೂ ಅವುಗಳ ಕೆಳಗಿನ ವರ್ಣದ್ರವ್ಯದ ಪದರವೂ ಅಲ್ಲಲ್ಲಿ ಸವೆದುಹೋಗುತ್ತವೆ. ವೈದ್ಯರು ಉಪಕರಣದಿಂದ ನೋಡಿದಾಗ ಸ್ಪಷ್ಟ ಅಂಚುಳ್ಳ ಬಿಳಚಿದ ತೇಪೆಗಳು ಕಾಣುತ್ತವೆ; ಅವುಗಳ ತಳದಲ್ಲಿರುವ ರಕ್ತನಾಳಗಳೂ ಕಾಣುತ್ತವೆ. ಈ ತೇಪೆಗಳು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಹರಡುತ್ತವೆ. ನಡುಬಿಂದು ಕೊನೆಯವರೆಗೂ ಉಳಿಯಬಹುದಾದ್ದರಿಂದ ಫಲಕದ ಒಂದೊಂದೇ ಅಕ್ಷರವನ್ನು ಓದಬಲ್ಲವರು ಪತ್ರಿಕೆಯ ಸಾಲನ್ನು ಓದಲಾರದೆ ತಡವರಿಸುವುದುಂಟು.

ಅಂತಿಮ ಹಂತ, ತೇವ ರೂಪ: ಅಕ್ಷಿಪಟಲದ ಕೆಳಗಿನಿಂದ ಹೊಸ ರಕ್ತನಾಳಗಳು ಹುಟ್ಟಿ ಮೇಲಕ್ಕೆ ನುಗ್ಗುತ್ತವೆ. ಇವುಗಳ ಗೋಡೆ ದುರ್ಬಲವಾದ್ದರಿಂದ ನೀರು, ರಕ್ತ ಸೋರುತ್ತದೆ. ನೆಲದ ಕೆಳಗೆ ನೀರು ನುಗ್ಗಿದಾಗ ಹಾಸುಗಲ್ಲು ಉಬ್ಬುವಂತೆ ಮ್ಯಾಕ್ಯುಲಾ ಉಬ್ಬುತ್ತದೆ. ಆಗ ನೇರವಾದ ಗೆರೆಗಳು ಡೊಂಕಾಗಿ ಕಾಣುತ್ತವೆ. ಬಾಗಿಲ ಚೌಕಟ್ಟು ಬಾಗಿದಂತೆ, ವಿದ್ಯುತ್ ಕಂಬ ನಡುವೆ ಮುರಿದಂತೆ, ಹೆಂಚಿನ ಸಾಲು ಅಲೆಯಂತೆ ತೋರುತ್ತದೆ. ನೋಟದ ನಡುವೆ ಕಪ್ಪು ಅಥವಾ ಬೂದು ಕಲೆ ಮೂಡುತ್ತದೆ. ಇದು ದಿನಗಳಲ್ಲಿ, ವಾರಗಳಲ್ಲಿ ನಡೆಯುವ ಬದಲಾವಣೆ. ಚಿಕಿತ್ಸೆ ದೊರೆಯದಿದ್ದರೆ ಆ ಜಾಗದಲ್ಲಿ ಗಾಯದ ಕಲೆ ಕಟ್ಟಿಕೊಳ್ಳುತ್ತದೆ. ಆ ನಂತರ ಯಾವ ಔಷಧವೂ ಅಲ್ಲಿನ ದೃಷ್ಟಿಯನ್ನು ಮರಳಿಸಲಾರದು.

ಒಂದೇ ಕಣ್ಣಿನಲ್ಲಿ ಒಣ ರೂಪವೂ ತೇವ ರೂಪವೂ ಒಟ್ಟಿಗೆ ಇರಬಹುದು. ಒಣ ರೂಪವಿದ್ದ ಕಣ್ಣು ಮುಂದೆ ತೇವ ರೂಪಕ್ಕೆ ತಿರುಗಲೂಬಹುದು.

3. ಹೋಲಿಕೆಯಿಂದ ತಿಳಿದುಬರುವ ಅಂಶಗಳು

ಮೊದಲನೆಯದಾಗಿ, ಹೊರಗಿನಿಂದ ನೋಡಿದರೆ ಎಲ್ಲ ಹಂತಗಳಲ್ಲೂ ಕಣ್ಣು ಒಂದೇ ರೀತಿ ಕಾಣುತ್ತದೆ. ಕೆಂಪಾಗುವುದಿಲ್ಲ, ನೋಯುವುದಿಲ್ಲ, ನೀರು ಸುರಿಯುವುದಿಲ್ಲ, ಬಲಿತ ಪೊರೆಯಂತೆ ಬಿಳಿಯಾಗುವುದೂ ಇಲ್ಲ. ಆದ್ದರಿಂದ ಮನೆಯವರಾಗಲಿ ನೆರೆಯವರಾಗಲಿ ಕಣ್ಣನ್ನು ನೋಡಿ ಇದನ್ನು ಗುರುತಿಸಲಾರರು. ಕಣ್ಣಿಗೆ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ ಹಿಂಭಾಗವನ್ನು ಪರೀಕ್ಷಿಸಿದಾಗಲೇ ಆರಂಭಿಕ ಮತ್ತು ಮಧ್ಯಮ ಹಂತಗಳು ತಿಳಿಯುತ್ತವೆ.

ಎರಡನೆಯದಾಗಿ, ಒಂದು ಕಣ್ಣಿನ ಕೊರತೆಯನ್ನು ಮತ್ತೊಂದು ಕಣ್ಣು ಮರೆಮಾಡುತ್ತದೆ. ಎರಡೂ ಕಣ್ಣು ತೆರೆದು ನೋಡುವಾಗ ಒಳ್ಳೆಯ ಕಣ್ಣೇ ಕೆಲಸ ನಡೆಸುತ್ತದೆ. ಕೆಟ್ಟ ಕಣ್ಣಿನಲ್ಲಿ ತೇವ ರೂಪ ಆರಂಭವಾಗಿ ತಿಂಗಳುಗಳೇ ಕಳೆದಿದ್ದರೂ ವ್ಯಕ್ತಿಗೆ ಅದು ಗೊತ್ತಾಗದೆ ಹೋಗಬಹುದು.

ಮೂರನೆಯದಾಗಿ, ಯಾರು ಮುಂದಿನ ಹಂತಕ್ಕೆ ಹೋಗಬಹುದೆಂಬುದನ್ನು ಅಂದಾಜು ಮಾಡಲು ಸಾಧ್ಯವಿದೆ. ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಆಧಾರದ ಮೇಲೆ ಸರಳವಾದ ಲೆಕ್ಕವೊಂದನ್ನು ರೂಪಿಸಲಾಗಿದೆ. ದೊಡ್ಡ ಡ್ರೂಸನ್ ಇರುವ ಪ್ರತಿ ಕಣ್ಣಿಗೆ ಒಂದು ಅಂಕ. ವರ್ಣದ್ರವ್ಯದ ಏರುಪೇರು ಇರುವ ಪ್ರತಿ ಕಣ್ಣಿಗೆ ಮತ್ತೊಂದು ಅಂಕ. ಒಂದು ಕಣ್ಣು ಈಗಾಗಲೇ ಅಂತಿಮ ಹಂತ ತಲುಪಿದ್ದರೆ ಆ ಕಣ್ಣಿಗೆ ಎರಡು ಅಂಕ. ಐದು ವರ್ಷಗಳಲ್ಲಿ ಅಂತಿಮ ಹಂತ ತಲುಪುವ ಸಂಭವ ಸೊನ್ನೆ ಅಂಕದವರಲ್ಲಿ ಸುಮಾರು ಶೇ. 0.5, ಒಂದು ಅಂಕದವರಲ್ಲಿ ಶೇ. 3, ಎರಡು ಅಂಕದವರಲ್ಲಿ ಶೇ. 12, ಮೂರು ಅಂಕದವರಲ್ಲಿ ಶೇ. 25, ನಾಲ್ಕು ಅಂಕದವರಲ್ಲಿ ಶೇ. 50. ಅಂದರೆ ಒಂದು ಕಣ್ಣನ್ನು ಈ ಕಾಯಿಲೆಯಿಂದ ಕಳೆದುಕೊಂಡವರ ಎರಡನೆಯ ಕಣ್ಣನ್ನು ಎಲ್ಲರಿಗಿಂತ ಮೊದಲು ಕಾಯಬೇಕು.

4. ಪೊರೆಗೂ ಇದಕ್ಕೂ ಇರುವ ವ್ಯತ್ಯಾಸ

ಪೊರೆ ಕಣ್ಣಿನ ಮುಂಭಾಗದ ಮಸೂರದ ದೋಷ. ಮ್ಯಾಕ್ಯುಲಾ ಕ್ಷಯ ಹಿಂಭಾಗದ ಪರದೆಯ ದೋಷ. ಪೊರೆಯಲ್ಲಿ ನೋಟವೆಲ್ಲ ಹೊಗೆ ತುಂಬಿದಂತೆ ಮಸುಕಾಗುತ್ತದೆ. ಮ್ಯಾಕ್ಯುಲಾ ಕ್ಷಯದ ಅಂತಿಮ ಹಂತದಲ್ಲಿ ನೋಟದ ನಡುಭಾಗ ಮಾತ್ರ ಡೊಂಕಾಗುತ್ತದೆ ಅಥವಾ ಅಳಿಸಿಹೋಗುತ್ತದೆ, ಅಂಚು ಉಳಿಯುತ್ತದೆ.

ಹಿರಿಯರೊಬ್ಬರಲ್ಲಿ ಎರಡೂ ಇರುವುದು ಅಸಾಧ್ಯವಲ್ಲ. ಅಂಥವರಿಗೆ ಪೊರೆಯ ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿದ್ದರೂ ನಿರೀಕ್ಷಿಸಿದಷ್ಟು ದೃಷ್ಟಿ ಬರುವುದಿಲ್ಲ. 'ಆಪರೇಷನ್ ಮಾಡಿಸಿ ಕಣ್ಣು ಕಳೆದುಕೊಂಡರು' ಎಂಬ ಮಾತು ಊರಲ್ಲಿ ಹಬ್ಬಿದರೆ ನಿಜವಾಗಿ ಪೊರೆಯಿರುವ ಹತ್ತು ಮಂದಿ ಶಿಬಿರಕ್ಕೆ ಹೋಗಲು ಹಿಂಜರಿಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರವೂ ನಡುನೋಟ ಸರಿಯಿಲ್ಲ ಎನ್ನುವವರನ್ನು ಅಕ್ಷಿಪಟಲದ ಪರೀಕ್ಷೆಗೆ ಕಳುಹಿಸುವುದು ಆ ವ್ಯಕ್ತಿಯ ಹಿತಕ್ಕೂ ಕಾರ್ಯಕ್ರಮದ ಮೇಲಿನ ನಂಬಿಕೆಗೂ ಅಗತ್ಯ.

5. ಗೆರೆ ಪರೀಕ್ಷೆ

ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ಕಳೆದ ಶತಮಾನದ ನಡುಭಾಗದಲ್ಲಿ ಬಳಕೆಗೆ ತಂದ ಚೌಕುಳಿ ಫಲಕ ಇಂದಿಗೂ ಉಪಯೋಗದಲ್ಲಿದೆ. ಹತ್ತು ಸೆಂಟಿಮೀಟರ್ ಚೌಕದಲ್ಲಿ ಐದು ಮಿಲಿಮೀಟರ್‌ಗೊಂದರಂತೆ ಅಡ್ಡ ಮತ್ತು ಉದ್ದ ಗೆರೆಗಳು, ನಡುವೆ ಒಂದು ಚುಕ್ಕೆ. ಇಷ್ಟೇ ಅದರ ರಚನೆ. ಪರೀಕ್ಷೆಯ ಕ್ರಮ ಹೀಗಿದೆ:

(ಅ) ಓದುವ ಕನ್ನಡಕವಿದ್ದರೆ ಹಾಕಿಕೊಂಡು ಒಳ್ಳೆಯ ಬೆಳಕಿನಲ್ಲಿ ಕುಳಿತುಕೊಳ್ಳುವುದು.
(ಆ) ಫಲಕವನ್ನು ಸುಮಾರು ಒಂದು ಅಡಿ ದೂರದಲ್ಲಿ ಹಿಡಿಯುವುದು.
(ಇ) ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಮತ್ತೊಂದು ಕಣ್ಣಿನಿಂದ ನಡುವಿನ ಚುಕ್ಕೆಯನ್ನೇ ನೋಡುವುದು.
(ಈ) ಸುತ್ತಲಿನ ಗೆರೆ ಡೊಂಕಾಗಿದೆಯೇ, ಯಾವುದಾದರೂ ಚೌಕ ಮಾಯವಾಗಿದೆಯೇ, ಕಪ್ಪು ಕಲೆಯಿದೆಯೇ ಎಂದು ಗಮನಿಸುವುದು.
(ಉ) ಮತ್ತೊಂದು ಕಣ್ಣಿಗೂ ಇದನ್ನೇ ಮಾಡುವುದು.

ಫಲಕವಿಲ್ಲದ ಮನೆಯಲ್ಲಿ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು. ಅದರ ಮನೆಗಳ ಗೆರೆಗಳು ನೇರವಾಗಿವೆಯೇ, ನಡುವಿನ ತಾರೀಖನ್ನು ನೋಡುವಾಗ ಅಕ್ಕಪಕ್ಕದ ತಾರೀಖುಗಳು ಉಳಿದಿವೆಯೇ ಎಂದು ಒಂದೊಂದೇ ಕಣ್ಣಿನಿಂದ ನೋಡಿಕೊಳ್ಳಬಹುದು. ಶಾಲಾ ಮಕ್ಕಳ ಗಣಿತದ ಚೌಕುಳಿ ಪುಸ್ತಕವೂ ಆಗಬಹುದು. ಓದು ಬಾರದವರೂ ಈ ಪರೀಕ್ಷೆ ಮಾಡಿಕೊಳ್ಳಬಲ್ಲರು ಎಂಬುದು ಇದರ ದೊಡ್ಡ ಅನುಕೂಲ.

ಗೆರೆಗಳು ನೇರವಾಗಿ ಕಂಡ ಮಾತ್ರಕ್ಕೆ ಕಾಯಿಲೆಯಿಲ್ಲವೆಂದು ತೀರ್ಮಾನಿಸಬಾರದು. ಆರಂಭಿಕ ಮತ್ತು ಮಧ್ಯಮ ಹಂತಗಳಲ್ಲಿ ಗೆರೆ ನೇರವಾಗಿಯೇ ಕಾಣಬಹುದು. ಆದರೆ ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ಶಿಬಿರಕ್ಕಾಗಿ ಕಾಯದೆ ಆ ವಾರದೊಳಗೇ ಅಕ್ಷಿಪಟಲದ ತಜ್ಞರಿರುವ ಆಸ್ಪತ್ರೆಗೆ ಹೋಗತಕ್ಕದ್ದು. ಈ ಪಾಠದಲ್ಲಿ ನೆನಪಿಡಬೇಕಾದ ಒಂದೇ ಮಾತಿದ್ದರೆ ಅದು ಇದೇ.

6. ಹಂತಕ್ಕೆ ತಕ್ಕ ಚಿಕಿತ್ಸೆ

ಆರಂಭಿಕ ಹಂತಕ್ಕೆ ಔಷಧವಿಲ್ಲ, ಅದರ ಅಗತ್ಯವೂ ಇಲ್ಲ. ನಿಯತವಾದ ತಪಾಸಣೆ ಸಾಕು. ಬೀಡಿ, ಸಿಗರೇಟು ಸೇದುವವರಲ್ಲಿ ಈ ಕಾಯಿಲೆಯ ಸಂಭವ ಸೇದದವರಿಗಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ವಯಸ್ಸನ್ನೂ ವಂಶವನ್ನೂ ಬದಲಿಸಲಾಗದು, ಬೀಡಿಯನ್ನು ಬಿಡಬಹುದು. ನುಗ್ಗೆ, ಹರಿವೆ, ಪಾಲಕ್, ಮೆಂತ್ಯದಂಥ ಹಸಿರು ಸೊಪ್ಪುಗಳೂ ಮೀನೂ ಇರುವ ಊಟ ಹಿತಕರ. ರಕ್ತದೊತ್ತಡ ಹತೋಟಿಯಲ್ಲಿರಬೇಕು.

ಮಧ್ಯಮ ಹಂತದವರಿಗೆ ಮತ್ತು ಒಂದು ಕಣ್ಣು ಅಂತಿಮ ಹಂತ ತಲುಪಿದವರಿಗೆ ಜೀವಸತ್ವ ಮತ್ತು ಸತುವಿನ ಒಂದು ನಿರ್ದಿಷ್ಟ ಮಿಶ್ರಣದಿಂದ ಐದು ವರ್ಷಗಳಲ್ಲಿ ಮುಂದಿನ ಹಂತಕ್ಕೆ ಹೋಗುವ ಅಪಾಯ ಸುಮಾರು ಶೇ. 25ರಷ್ಟು ತಗ್ಗುತ್ತದೆಂದು 2001ರಲ್ಲಿ ಮೇಲ್ಕಂಡ ಅಮೆರಿಕದ ಅಧ್ಯಯನ ತೋರಿಸಿತು. ಮೊದಲ ಮಿಶ್ರಣದಲ್ಲಿದ್ದ ಬೀಟಾ ಕ್ಯಾರೊಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದರಿಂದ, 2013ರ ಮುಂದುವರಿದ ಅಧ್ಯಯನದ ನಂತರ ಅದರ ಬದಲು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಸೇರಿಸಲಾಯಿತು. ಈ ಮಾತ್ರೆ ಹೋದ ದೃಷ್ಟಿಯನ್ನು ತರುವುದಿಲ್ಲ. ಕಾಯಿಲೆಯಿಲ್ಲದವರಿಗೆ ಬಾರದಂತೆ ತಡೆಯುವುದೂ ಇಲ್ಲ. ಆದಕಾರಣ ಎಲ್ಲ ಹಿರಿಯರಿಗೂ 'ಕಣ್ಣಿನ ಮಾತ್ರೆ' ಹಂಚುವ ಪ್ರಸ್ತಾವಗಳು ಬಂದಾಗ ವೈದ್ಯರ ಅಭಿಪ್ರಾಯ ಪಡೆಯದೆ ಒಪ್ಪಬಾರದು.

ಅಂತಿಮ ಹಂತದ ತೇವ ರೂಪಕ್ಕೆ ಕಣ್ಣಿನೊಳಗೆ ನೀಡುವ ಚುಚ್ಚುಮದ್ದು ಇದೆ. ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಇದು ತಡೆಯುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿಂಗಳಿಗೊಮ್ಮೆ ರಾನಿಬಿಜುಮಾಬ್ ಪಡೆದವರ ಪೈಕಿ ಶೇ. 90ಕ್ಕೂ ಹೆಚ್ಚು ಮಂದಿ ಒಂದು ವರ್ಷದ ನಂತರವೂ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಂಡರು. ಸುಮಾರು ಮೂವರಲ್ಲಿ ಒಬ್ಬರಿಗೆ ಫಲಕದ ಮೂರು ಸಾಲುಗಳಷ್ಟು ಸುಧಾರಣೆಯಾಯಿತು. ಬಹಳ ಕಡಿಮೆ ಬೆಲೆಯ ಬೆವಾಸಿಜುಮಾಬ್ ಕೂಡ ದೃಷ್ಟಿಯ ಮಟ್ಟಿಗೆ ಹೆಚ್ಚುಕಡಿಮೆ ಸಮಾನ ಫಲ ನೀಡುತ್ತದೆಂದು 2011ರ ಹೋಲಿಕೆ ಅಧ್ಯಯನ ತಿಳಿಸಿತು. ಕಣ್ಣನ್ನು ಹನಿಯಿಂದ ಮರಗಟ್ಟಿಸಿ ಚುಚ್ಚುಮದ್ದು ನೀಡಲಾಗುತ್ತದೆ. ಸಾಮಾನ್ಯವಾಗಿ ಮೊದಲು ತಿಂಗಳಿಗೊಂದರಂತೆ ಕೆಲವು ಬಾರಿ, ಬಳಿಕ ಕಣ್ಣಿನ ಸ್ಥಿತಿ ನೋಡಿ ಅಂತರ ಹೆಚ್ಚಿಸುತ್ತಾರೆ. ಒಂದೆರಡು ಬಾರಿ ಪಡೆದು ನಿಲ್ಲಿಸಿದರೆ ಸೋರಿಕೆ ಮರುಕಳಿಸಬಹುದು. ಬಸ್ ಖರ್ಚಿಲ್ಲದೆ, ಜೊತೆಗೆ ಬರುವವರಿಲ್ಲದೆ ಮೂರನೆಯ ಚುಚ್ಚುಮದ್ದಿಗೆ ಹೋಗದವರ ದೃಷ್ಟಿ ಹೋದರೆ ಅದಕ್ಕೆ ಕಾರಣ ವೈದ್ಯಶಾಸ್ತ್ರದ ಕೊರತೆಯಲ್ಲ.

ಒಣ ರೂಪದಲ್ಲಿ ಸವೆದ ಜಾಗವನ್ನು ಮತ್ತೆ ಸರಿಪಡಿಸುವ ಚಿಕಿತ್ಸೆ ಇನ್ನೂ ಇಲ್ಲ. ಅದು ಹರಡುವ ವೇಗವನ್ನು ತಗ್ಗಿಸುವ ಎರಡು ಔಷಧಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

7. ನಡುನೋಟ ಕಳೆದುಕೊಂಡವರ ಬದುಕು

ಮ್ಯಾಕ್ಯುಲಾ ಕ್ಷಯ ಒಂದರಿಂದಲೇ ಪೂರ್ಣ ಕತ್ತಲೆ ಬರುವುದಿಲ್ಲ. ಅಂಚಿನ ನೋಟ ಉಳಿದಿರುವುದರಿಂದ ಅಂಥವರು ಅಂಗಳದಲ್ಲಿ ಎಡವದೆ ಓಡಾಡುತ್ತಾರೆ, ಕರುವನ್ನು ಹಿಡಿದು ಕಟ್ಟುತ್ತಾರೆ. ಆದರೆ ಎದುರಿಗೆ ಬಂದ ಅಳಿಯನ ಮುಖ ಗುರುತಿಸುವುದಿಲ್ಲ. ನೋಡಿದವರು 'ಬೇಕಾದ್ದು ಕಾಣುತ್ತದೆ, ಬೇಡವಾದ್ದು ಕಾಣುವುದಿಲ್ಲ' ಎಂದು ಹಾಸ್ಯ ಮಾಡುವುದುಂಟು. ಅದು ನಟನೆಯಲ್ಲ, ಕಾಯಿಲೆಯ ಸ್ವಭಾವವೇ ಹಾಗೆ.

ಮತ್ತೊಂದು ಸಂಗತಿಯನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ನಡುನೋಟ ಹೋದ ಕೆಲವರಿಗೆ ಇಲ್ಲದ ಮನುಷ್ಯರು, ಹೂಬಳ್ಳಿ, ಚಿತ್ತಾರಗಳು ಕಣ್ಣ ಮುಂದೆ ಕಾಣುತ್ತವೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೋನೆ ಎಂಬ ವಿಜ್ಞಾನಿ ತನ್ನ ಅಜ್ಜನಲ್ಲಿ ಇದನ್ನು ಗಮನಿಸಿ 1760ರಲ್ಲಿ ದಾಖಲಿಸಿದನು. ಇದು ಹುಚ್ಚೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಬರಬೇಕಾದ ಚಿತ್ರ ಬಾರದಿದ್ದಾಗ ಮಿದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ. ಹಿರಿಯರು ಹೆದರಿ ಇದನ್ನು ಮನೆಯವರಿಂದ ಮುಚ್ಚಿಡುತ್ತಾರೆ. ಮಾಟ ಮಂತ್ರದವರ ಬಳಿಗೆ ಕರೆದೊಯ್ಯುವ ಬದಲು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.

8. ಗ್ರಾಮ ಪಂಚಾಯತಿಯ ಹೊಣೆ

ಚಿಕಿತ್ಸೆ ನೀಡುವುದು ಗ್ರಾಮ ಪಂಚಾಯತಿಯ ಕೆಲಸವಲ್ಲ. ಡೊಂಕು ಗೆರೆ ಕಂಡ ದಿನಕ್ಕೂ ಚಿಕಿತ್ಸೆ ದೊರೆತ ದಿನಕ್ಕೂ ನಡುವಿನ ಅಂತರವನ್ನು ಕಡಿಮೆ ಮಾಡುವುದು ಪಂಚಾಯತಿಯಿಂದ ಸಾಧ್ಯ.

(ಅ) ಸಾರ್ವಜನಿಕ ಆರೋಗ್ಯವು ಸೌಕರ್ಯ ಸಮಿತಿಯ ಕಾರ್ಯವ್ಯಾಪ್ತಿಗೆ ಸೇರಿದ್ದು. ಸಮಿತಿಯ ಸಭೆಗೆ ಆಶಾ ಕಾರ್ಯಕರ್ತೆಯರನ್ನೂ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಆಹ್ವಾನಿಸಿ ಗೆರೆ ಪರೀಕ್ಷೆಯ ವಿಷಯ ಚರ್ಚಿಸಬಹುದು.

(ಆ) ಚೌಕುಳಿ ಫಲಕವನ್ನು ಪಂಚಾಯತಿ ಕಚೇರಿ, ಗ್ರಂಥಾಲಯ, ನ್ಯಾಯಬೆಲೆ ಅಂಗಡಿಗಳಲ್ಲಿ ಕಣ್ಣಿನ ಮಟ್ಟಕ್ಕೆ ಅಂಟಿಸಬಹುದು. ಪಿಂಚಣಿ ಮತ್ತು ಪಡಿತರಕ್ಕೆ ಬರುವ ಹಿರಿಯರಿಗೆ ಅಲ್ಲಿಯೇ ಪರೀಕ್ಷೆ ಮಾಡಿಕೊಳ್ಳಲು ಅವಕಾಶವಾಗುತ್ತದೆ.

(ಇ) ಮನೆ ಮನೆ ಕಣ್ಣಿನ ತಪಾಸಣೆ ನಡೆಯುವಾಗ 'ಗೆರೆ ಡೊಂಕಾಗಿ ಕಾಣುತ್ತದೆಯೇ' ಎಂಬ ಒಂದು ಪ್ರಶ್ನೆಯನ್ನು, ಒಂದೊಂದೇ ಕಣ್ಣು ಮುಚ್ಚಿಸಿ, ಕೇಳುವಂತೆ ಕೋರಬಹುದು.

(ಈ) ಹೌದು ಎಂದವರನ್ನು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಯ ಮೂಲಕ ಜಿಲ್ಲಾ ಆಸ್ಪತ್ರೆಗೆ, ಅಲ್ಲಿ ಅಕ್ಷಿಪಟಲದ ತಜ್ಞರಿಲ್ಲದಿದ್ದರೆ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಅಥವಾ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಕಳುಹಿಸುವ ದಾರಿಯನ್ನು ಮೊದಲೇ ತಿಳಿದು ಬರೆದಿಡಬೇಕು. ವೆಚ್ಚದ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಬೇಕು.

(ಉ) 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಂತೆ, ಕನ್ನಡಕ ಹಾಕಿಯೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ ಅಂಧತ್ವ. 6/18 ಮೀರದೆ 3/60ರವರೆಗೆ ಇದ್ದರೆ ಮಂದದೃಷ್ಟಿ. ಎರಡೂ ಕಣ್ಣಿನ ನಡುನೋಟ ಕಳೆದುಕೊಂಡ ಹಿರಿಯರನ್ನು 'ವಯಸ್ಸಾಯಿತು' ಎಂದು ಬಿಡದೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬೇಕು. ಭೂತಗನ್ನಡಿ, ಹೆಚ್ಚು ಬೆಳಕಿನ ದೀಪ, ದೊಡ್ಡ ಅಕ್ಷರದ ಬರಹಗಳಿಂದ ಉಳಿದ ದೃಷ್ಟಿಯನ್ನು ಬಳಸಿಕೊಳ್ಳಲು ಸಾಧ್ಯ.

9. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಆರಂಭಿಕ ಮತ್ತು ಮಧ್ಯಮ ಹಂತಗಳನ್ನು ಗುರುತಿಸುವ ಮುಖ್ಯ ಲಕ್ಷಣ ಯಾವುದು? ಅದು ವ್ಯಕ್ತಿಯ ಅನುಭವಕ್ಕೆ ಏಕೆ ಬರುವುದಿಲ್ಲ?
2. ಅಂತಿಮ ಹಂತದ ಒಣ ರೂಪಕ್ಕೂ ತೇವ ರೂಪಕ್ಕೂ ವೇಗದಲ್ಲಿ, ಚಿಕಿತ್ಸೆಯಲ್ಲಿ ಇರುವ ವ್ಯತ್ಯಾಸವೇನು?
3. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು ಎನ್ನುವುದೇಕೆ?
4. ತಮ್ಮ ವಾರ್ಡಿನಲ್ಲಿ ಅರವತ್ತು ದಾಟಿದವರು ಎಷ್ಟು ಮಂದಿ? ಅವರಲ್ಲಿ ಒಂದು ಕಣ್ಣಿನ ದೃಷ್ಟಿ ಈಗಾಗಲೇ ಹೋಗಿರುವವರು ಯಾರು? ಅವರ ಎರಡನೆಯ ಕಣ್ಣನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಈ ಪಾಠದಲ್ಲಿಲ್ಲ. ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಮನೆಗಳಿಗೆ ಹೋಗಿ ಅದನ್ನು ತಿಳಿದುಕೊಂಡು ಮುಂದಿನ ಸಭೆಗೆ ತರತಕ್ಕದ್ದು.